ಬಿಚ್ಚುವವನ ಕೈ

ನನ್ನ ಜಾಗ್ರತೆಯಲ್ಲಿ ಜಾಗ್ರತೆ ಎಷ್ಟು, ಹೆದರಿಕೆ ಎಷ್ಟು? ಬೋಟಿನ ಶಾಫ್ಟು, ಪ್ರೊಪೆಲ್ಲರ್ ಕಟ್ಟುವ ಕೆಲಸದಲ್ಲೇ ತಲೆ ನರೆತ ಮೇಲೆ ಈ ಪ್ರಶ್ನೆ ನನ್ನನ್ನು ಹಿಡಿದುಕೊಂಡಿದೆ. ಹಿಡಿಸಿದ್ದು ಬೆರಳುದ್ದದ ಒಂದು ಪ್ಲಾಸ್ಟಿಕ್ ಬಾಟಲಿ. ನಟ್ಟು ಸಡಿಲಾಗದಿರಲಿ ಎಂದು ಥ್ರೆಡ್ಡಿಗೆ ಬಿಡುವ ಅಂಟು ಅದರಲ್ಲಿರುತ್ತದೆ. ಕಂಪನಿ ಯಾವುದೇ ಇರಲಿ, ಬಂದರಿನಲ್ಲಿ ಅದಕ್ಕೆ ಲಾಕ್‌ಟೈಟ್ ಎಂದೇ ಹೆಸರು. ಸುಲಭಕ್ಕೆ ಬಿಚ್ಚಬಹುದಾದ ನೀಲಿ ಹಾಕಲೋ, ಬಿಡದೆ ಹಿಡಿಯುವ ಕೆಂಪು ಹಾಕಲೋ ಎಂದು ನಿರ್ಧರಿಸುವ ಗಳಿಗೆಯಲ್ಲಿ ನನ್ನೊಳಗೆ ಏನು ನಡೆಯುತ್ತದೆ ಎಂಬುದನ್ನು ಬಿಡಿಸಿ ನೋಡಬೇಕೆಂದು ಇದನ್ನು ಬರೆಯಲು ಕೂತಿದ್ದೇನೆ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ 61 ದಿನ ಮಲ್ಪೆ ಬಂದರಿನಲ್ಲಿ ಬೋಟುಗಳು ಮೈಗೆ ಮೈ ತಾಗಿಸಿ ನಿಂತಿರುತ್ತವೆ. ಕೆಲವು ದಡ ಏರುತ್ತವೆ. ದಡ ಏರಿದ ಬೋಟಿನ ಹಿಂಭಾಗದಲ್ಲಿ, ಟಾರ್ಪಾಲಿನಡಿ, ನಮ್ಮ ಸುಗ್ಗಿ. ಮಳೆ ಬಿಡುವುದರೊಳಗೆ ಶಾಫ್ಟು ಹೊರಗೆ ಬರಬೇಕು, ಬುಶ್ ಬದಲಾಗಬೇಕು, ಪ್ರೊಪೆಲ್ಲರ್ ತಿರುಗಿ ಕೂರಬೇಕು. ಆಗಸ್ಟಿನಲ್ಲಿ ಕಡಲಿಗಿಳಿದ ಬೋಟು ಹತ್ತು ದಿನವಾದರೂ ದಡ ಕಾಣದೆ ಗೋವಾ, ಮಹಾರಾಷ್ಟ್ರದ ನೀರಿನವರೆಗೂ ಹೋಗುತ್ತದೆ. ಅಲ್ಲಿ ನಾವಿರುವುದಿಲ್ಲ. ಅದಕ್ಕೇ ಓನರ್ ಬಂದು ನಿಂತರೆ ಒಂದೇ ಮಾತು:

"ಎಂಥ ಬೇಕಾದರೂ ಹಾಕಿ ಮಾರಾಯ್ರೆ. ಮತ್ತೆ ಲೂಸಾಗಿ ಬರಬಾರದು, ಅಷ್ಟೆ."

ಈ ಮಾತು ಕೇಳಿದೊಡನೆ ನನ್ನ ಕೈ ಕೆಂಪು ದ್ರವದ ಕಡೆ ಹೋಗಲು ನೋಡುತ್ತದೆ. ಬುದ್ಧಿ ಬೇರೆ ಹೇಳುತ್ತಿದ್ದರೂ ಕೈ ಹೊರಟೇಬಿಡುತ್ತದೆ. ನಾನು ನೋಡಿಕೊಳ್ಳಬೇಕಾದದ್ದು ಈ ಕೈಯ ಓಟವನ್ನೇ.

ಮೊದಲು ಬುದ್ಧಿ ಹೇಳುವುದನ್ನು ಬರೆಯುತ್ತೇನೆ. ಪ್ರೊಪೆಲ್ಲರ್ ನಿಲ್ಲುವುದು ಅಂಟಿನ ಬಲದಿಂದಲ್ಲ. ಶಾಫ್ಟಿನ ತುದಿಯ ಟೇಪರಿನ ಮೇಲೆ, ಅಂದರೆ ತುದಿಗೆ ಹೋದಂತೆ ಸಪುರವಾಗುವ ಭಾಗದ ಮೇಲೆ, ಅದು ಏರಿ ಕೂರಬೇಕು. ನಟ್ಟು ಇರುವುದು ಏರಿಸಿ ಹಿಡಿಯಲು. ತಿರುಗುವ ಬಲವನ್ನು ಹೊರುವುದು ಟೇಪರಿನ ಹಿಡಿತ ಮತ್ತು ಶಾಫ್ಟಿಗೂ ಪ್ರೊಪೆಲ್ಲರಿಗೂ ನಡುವೆ ಕೂರಿಸುವ ಲೋಹದ ತುಂಡು, ಅಂದರೆ ಕೀ. ಟೇಪರಿಗೆ ಮಾರ್ಕಿಂಗ್ ಬ್ಲೂ ತೆಳ್ಳಗೆ ಸವರಿ, ಪ್ರೊಪೆಲ್ಲರ್ ಒತ್ತಿ ಕೂರಿಸಿ, ಕಳಚಿ ನೋಡಿದರೆ ಬಣ್ಣ ಸುತ್ತಲೂ ಹರಡಿರಬೇಕು. ಅಲ್ಲಲ್ಲಿ ಮಾತ್ರ ಮಚ್ಚೆ ಮಚ್ಚೆಯಾಗಿ ಹತ್ತಿದ್ದರೆ ಗ್ರೈಂಡಿಂಗ್ ಪೇಸ್ಟ್ ಹಾಕಿ ಮತ್ತೆ ಉಜ್ಜಬೇಕು. ಇನ್ನೊಂದು ಪರೀಕ್ಷೆ ಉಂಟು, ಗಡಿಬಿಡಿಯಲ್ಲಿ ಇದನ್ನು ಬಿಡುವವರೇ ಹೆಚ್ಚು. ಕೀ ಇಲ್ಲದೆ ಪ್ರೊಪೆಲ್ಲರ್ ಏರಿಸಿ ಅದು ನಿಂತ ಜಾಗಕ್ಕೆ ಶಾಫ್ಟಿನ ಮೇಲೆ ಗೆರೆ ಎಳೆಯುವುದು. ಆಮೇಲೆ ಕೀ ಹಾಕಿ ಏರಿಸುವುದು. ಎರಡನೇ ಸಲವೂ ಅದೇ ಗೆರೆಗೆ ಬಂದು ನಿಲ್ಲಬೇಕು. ಒಂದು ಕೂದಲಷ್ಟು ಹಿಂದೆ ನಿಂತರೂ ಪ್ರೊಪೆಲ್ಲರ್ ಕೀಯ ನೆತ್ತಿಯ ಮೇಲೆ ಕೂತಿದೆ, ಟೇಪರಿನ ಮೇಲಲ್ಲ ಎಂದರ್ಥ. ಹಾಗೆ ಕೂತ ಪ್ರೊಪೆಲ್ಲರಿಗೆ ಜಗತ್ತಿನ ಯಾವ ಅಂಟು ಸುರಿದರೂ ಕಡಲಿನಲ್ಲಿ ಅದು ಅಲ್ಲಾಡುತ್ತದೆ.

ಅದರ ಮೇಲೆ ನಟ್ಟು, ಚೆಕ್‌ನಟ್, ಕೊನೆಗೆ ಸ್ಪ್ಲಿಟ್ ಪಿನ್. ತೆಳು ನಟ್ಟು ಒಳಗೆ, ದಪ್ಪ ನಟ್ಟು ಹೊರಗೆ ಬರಬೇಕೆಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಎರಡನ್ನೂ ಒಂದಕ್ಕೊಂದು ಬಿಗಿದ ಮೇಲೆ ಭಾರ ಹೊರುವುದು ಹೊರಗಿನದು. ಬಂದರಿನಲ್ಲಿ ನೋಡಿದರೆ ಉಲ್ಟಾ ಹಾಕಿದ್ದೇ ಜಾಸ್ತಿ. ಇರಲಿ. ಇಷ್ಟು ದಪ್ಪ ಥ್ರೆಡ್ಡಿನ ನಟ್ಟಿಗೆ, ಅದೂ ಪಿನ್ ಇರುವ ನಟ್ಟಿಗೆ, ಅಂಟುದ್ರವದಿಂದ ಆಗಬೇಕಾದ್ದು ಏನೂ ಇಲ್ಲ. ಔಟ್‌ಬೋರ್ಡ್ ಎಂಜಿನ್ನಿನ ಪ್ರೊಪೆಲ್ಲರಿಗಂತೂ ಸ್ಪ್ಲೈನಿಗೆ ಗ್ರೀಸ್, ನಟ್ಟಿಗೆ ಪಿನ್, ಮುಗಿಯಿತು. ಬಲೆ ಸುತ್ತಿಕೊಂಡಾಗ ನಾಡದೋಣಿಯವರು ನೀರಿನ ಮೇಲೆಯೇ ಅದನ್ನು ಬಿಚ್ಚಬೇಕಾಗುತ್ತದೆ.

ಹಾಗಾದರೆ ಆ ಬಾಟಲಿ ಬೇಕಾಗುವುದೆಲ್ಲಿ? ಗೇರ್‌ಬಾಕ್ಸಿಗೂ ಶಾಫ್ಟಿಗೂ ನಡುವಿನ ಕಪ್ಲಿಂಗ್ ಬೋಲ್ಟುಗಳಲ್ಲಿ, ಕಪ್ಲಿಂಗನ್ನು ಶಾಫ್ಟಿಗೆ ಹಿಡಿಸುವ ಸೆಟ್‌ಸ್ಕ್ರೂಗಳಲ್ಲಿ, ಹಗ್ಗ ಕತ್ತರಿಸಲೆಂದು ಶಾಫ್ಟಿಗೆ ಕೂರಿಸುವ ಬ್ಲೇಡಿನ ಸ್ಕ್ರೂಗಳಲ್ಲಿ. ಇವೆಲ್ಲ ಚಿಕ್ಕವು. ಪಿನ್ ಹಾಕಲು ಜಾಗ ಇರುವುದಿಲ್ಲ, ನಡುಕ ಮಾತ್ರ ಪ್ರೊಪೆಲ್ಲರಿನಷ್ಟೇ ಇರುತ್ತದೆ.

ಸ್ಪ್ರಿಂಗ್ ವಾಷರ್ ಹಾಕಿದರೆ ಸಾಕು ಎಂದು ನಾನೂ ಬಹಳ ಕಾಲ ನಂಬಿದವನೇ. ನಮ್ಮ ಕಾಲದಲ್ಲಿ ಎಲ್ಲರೂ ನಂಬಿದ್ದರು. ಗೆರ್ಹಾರ್ಡ್ ಯೂಂಕರ್ ಎಂಬ ಜರ್ಮನ್ ಎಂಜಿನಿಯರ್ 1969ರಲ್ಲೇ ತನ್ನ ಪ್ರಯೋಗಗಳಿಂದ ತೋರಿಸಿಕೊಟ್ಟ ಸಂಗತಿ ನನಗೆ ಗೊತ್ತಾದದ್ದು ತೀರಾ ತಡವಾಗಿ: ಬೋಲ್ಟನ್ನು ಉದ್ದುದ್ದಕ್ಕೆ ಎಳೆದು ಬಿಡುವ ಬಲಕ್ಕಿಂತ ಅಡ್ಡಡ್ಡ ಜಾರಿಸುವ ನಡುಕ ಅದನ್ನು ಬಲುಬೇಗ ಬಿಚ್ಚುತ್ತದೆ. ಬೋಲ್ಟಿನ ತಲೆಯಡಿ, ಥ್ರೆಡ್ಡಿನ ಸಂದಿನಲ್ಲಿ, ಕಣ್ಣಿಗೆ ಕಾಣದಷ್ಟು ಜಾರು ಶುರುವಾದರೆ ಸಾಕು, ಸ್ಪ್ರಿಂಗ್ ವಾಷರ್ ಇದ್ದರೂ ನಟ್ಟು ತಾನಾಗಿಯೇ ಹಿಂದೆ ತಿರುಗುತ್ತದೆ. ಅಂಟುದ್ರವ ಆ ಸಂದನ್ನು ತುಂಬಿ ಗಟ್ಟಿಯಾಗುತ್ತದೆ, ಜಾರಲು ಜಾಗ ಇಲ್ಲದಂತೆ ಮಾಡುತ್ತದೆ. ಹಾಗಾಗಿ ಅದು ಬಿಗಿತದ ಕಾವಲಿಗಿರುವಂಥದ್ದು. ಬಿಗಿತವನ್ನು ಕೊಡುವುದು ಸ್ಪ್ಯಾನರ್ ಹಿಡಿದ ತೋಳೇ.

ಈ ದ್ರವದ ಹುಟ್ಟಿನ ಕಥೆ ನನಗೆ ಬಹಳ ಇಷ್ಟ. ಅಮೆರಿಕದ ಹಾರ್ಟ್‌ಫರ್ಡಿನ ಟ್ರಿನಿಟಿ ಕಾಲೇಜಿನಲ್ಲಿ ವರ್ನನ್ ಕ್ರೀಬಲ್ ಎಂಬ ಇಳಿವಯಸ್ಸಿನ ರಸಾಯನಶಾಸ್ತ್ರದ ಮೇಷ್ಟ್ರು ಇದ್ದರು. ಮಗ ಕೆಲಸಕ್ಕಿದ್ದ ಕಂಪನಿಯಲ್ಲಿ ಒಂದು ವಿಚಿತ್ರ ಅಂಟು ಸಿಕ್ಕಿತ್ತು: ಗಾಳಿಯ ಗುಳ್ಳೆ ಹಾಯಿಸುತ್ತಲೇ ಇದ್ದರೆ ನೀರಾಗಿರುತ್ತದೆ, ನಿಲ್ಲಿಸಿದರೆ ಗಟ್ಟಿಯಾಗುತ್ತದೆ. ಗುಳ್ಳೆ ಹಾಯಿಸದೆಯೂ ಅದು ಬಾಟಲಿಯಲ್ಲಿ ನೀರಾಗಿಯೇ ಉಳಿಯುವ ಬಗೆಯನ್ನು ಅಪ್ಪ 1953ರಲ್ಲಿ ಕಂಡುಕೊಂಡರು. ಗಾಳಿ ತಾಗುತ್ತಿರುವಷ್ಟು ಹೊತ್ತು ದ್ರವ. ಗಾಳಿ ಹೋಗಿ ಲೋಹ ತಾಗಿದರೆ ಗಟ್ಟಿ. ಬಾಟಲಿ ಯಾವಾಗಲೂ ಪೂರ್ತಿ ತುಂಬಿರುವುದಿಲ್ಲವಲ್ಲ, ಅದಕ್ಕೆ ಕಾರಣ ಇದೇ. ಅಂಗಡಿಯವರು ಕಡಿಮೆ ಕೊಟ್ಟರೆಂದು ಗಿರಾಕಿಗಳು ಜಗಳಕ್ಕೆ ನಿಂತದ್ದನ್ನು ನೋಡಿದ್ದೇನೆ. ಆ ಖಾಲಿ ಜಾಗದ ಗಾಳಿಯೇ ದ್ರವದ ಉಸಿರು. ಮೂತಿಯನ್ನು ಬೋಲ್ಟಿಗೆ ತಾಗಿಸಬಾರದು ಎನ್ನುವುದೂ ಇದಕ್ಕೇ. ಲೋಹದ ಪುಡಿ ಒಳಗೆ ಹೋದರೆ ಬಾಟಲಿಯೊಳಗೇ ಕಟ್ಟಿಕೊಳ್ಳುತ್ತದೆ.

ಲೋಹ ತಾಗಿದರೆ ಎಂದೆನಲ್ಲ, ಎಲ್ಲ ಲೋಹವೂ ಒಂದೇ ಅಲ್ಲ. ಹಿತ್ತಾಳೆ, ಕಂಚು, ಮಾಮೂಲಿ ಕಬ್ಬಿಣದ ಮೇಲೆ ಬೇಗ ಹಿಡಿಯುತ್ತದೆ. ಸ್ಟೇನ್‌ಲೆಸ್ ಮೇಲೆ, ಸತುವಿನ ಲೇಪ ಇರುವ ಬೋಲ್ಟಿನ ಮೇಲೆ ಬಹಳ ನಿಧಾನ. ಉಪ್ಪು ನೀರಿನ ಕೆಲಸದಲ್ಲಿ ನಮಗೆ ಸಿಗುವುದೇ ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ಟು. ನಿನ್ನೆ ಸಂಜೆ ಹಾಕಿದ್ದನ್ನು ಇವತ್ತು ಬೆಳಿಗ್ಗೆ ಬಿಚ್ಚಿದರೆ ಥ್ರೆಡ್ಡಿನ ಬುಡದಲ್ಲಿ ನೀಲಿ ಇನ್ನೂ ಹಸಿಹಸಿಯಾಗಿ ಹೊಳೆಯುತ್ತಿರುವುದು ಉಂಟು. ಸರಿಯಾಗಿ ಕಟ್ಟಿದ್ದಾದರೆ ಬಿಚ್ಚುವಾಗ ಬಿಳಿ ಪುಡಿ ಉದುರಬೇಕು. ಅದಕ್ಕೇ ಸ್ಟೇನ್‌ಲೆಸ್ಸಿಗೆ ಮೊದಲು ಆ್ಯಕ್ಟಿವೇಟರ್ ಸಿಂಪಡಿಸಬೇಕು, ಆಮೇಲೆ ದ್ರವ, ಆಮೇಲೆ ಪೂರ್ತಿ ಒಂದು ದಿನದ ಬಿಡುವು. ಡೀಸೆಲ್ ಅದ್ದಿದ ಕಾಟನ್ ವೇಸ್ಟಿನಲ್ಲಿ ಥ್ರೆಡ್ಡು ಒರೆಸಿ "ಕ್ಲೀನ್ ಆಯ್ತು" ಎನ್ನುವ ಅಭ್ಯಾಸ ನಮ್ಮಲ್ಲಿ ಉಂಟು. ಹಾಗೆ ಒರೆಸಿದ ಮೇಲೆ ಉಳಿಯುವ ಎಣ್ಣೆಯ ಪೊರೆಯ ಮೇಲೆ ಅಂಟು ಹೇಗೆ ಹಿಡಿದೀತು? 243ನೇ ನಂಬರಿನ ನೀಲಿ ಸ್ವಲ್ಪ ಎಣ್ಣೆಯನ್ನು ಸಹಿಸುತ್ತದೆ ನಿಜ, ಆದರೆ ಸಹಿಸುತ್ತದೆಂದು ಎಣ್ಣೆ ಉಣಿಸುವುದು ಸರಿಯಲ್ಲ. ಆ್ಯಸಿಟೋನಿನಲ್ಲಿ ಒರೆಸಲು ಎರಡು ನಿಮಿಷ ಸಾಕು.

ಬಣ್ಣದ ಬಗ್ಗೆ ಒಂದು ಮಾತು. 222 ನೇರಳೆ, ಚಿಕ್ಕ ಸ್ಕ್ರೂಗಳಿಗೆ. 243 ನೀಲಿ, ಕೈ ಸ್ಪ್ಯಾನರಿನಿಂದಲೇ ಬಿಚ್ಚಬಹುದು. 262, 271 ಕೆಂಪು. ಹಸಿರು ಮಾತ್ರ ಮೋಸಗಾರ: 290 ಎಂಬ ಹಸಿರು, ಮೊದಲೇ ಬಿಗಿದ ಬೋಲ್ಟಿನ ಸಂದಿಗೆ ತಾನಾಗಿ ಇಳಿಯುವಂಥದ್ದು, 638 ಎಂಬ ಹಸಿರು, ಬೇರಿಂಗನ್ನು ಶಾಫ್ಟಿಗೆ ಅಂಟಿಸುವಂಥದ್ದು. "ಹಸಿರು ಕೊಡಿ" ಎಂದು ಅಂಗಡಿಯಲ್ಲಿ ಕೇಳಿದರೆ ಯಾವುದು ಬರುತ್ತದೋ ದೇವರಿಗೇ ಗೊತ್ತು. ಬೇರೆ ಕಂಪನಿಯದಾದರೆ ಬಣ್ಣದ ಲೆಕ್ಕವೂ ಬೇರೆ ಇರಬಹುದು. ನಂಬರನ್ನೇ ಓದಬೇಕು.

ಇಷ್ಟೆಲ್ಲ ಗೊತ್ತಿದ್ದೂ ಕೈ ಕೆಂಪಿಗೇ ಓಡುತ್ತದಲ್ಲ, ಯಾಕೆ?

ಕೆಂಪು ಬಿಡಬೇಕೆಂದರೆ ಸುಮಾರು 250 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಬೇಕು, ಬಿಸಿ ಇರುವಾಗಲೇ ತಿರುಗಿಸಬೇಕು. ವರ್ಕ್‌ಶಾಪಿನ ವೈಸಿನಲ್ಲಿ ಅದು ದೊಡ್ಡ ಮಾತಲ್ಲ. ಬೋಟಿನೊಳಗೆ? ಒಮ್ಮೆ ನಮ್ಮಲ್ಲಿಗೆ ಬಂದ ಫೈಬರ್ ಬೋಟಿನ ಕಪ್ಲಿಂಗಿನ ಸೆಟ್‌ಸ್ಕ್ರೂಗಳಿಗೆಲ್ಲ ಯಾರೋ ಕೆಂಪು ಸುರಿದಿದ್ದರು. ಎಂಜಿನ್ ರೂಮಿನ ತಳದಲ್ಲಿ ಡೀಸೆಲ್ ಬೆರೆತ ನೀರು. ಒಂದು ಗೇಣು ಆಚೆ ಫೈಬರಿನ ಗೋಡೆ. ಶಾಫ್ಟಿನಗುಂಟ ಬಿಸಿ ಹರಿದರೆ ಮುಟ್ಟುವುದು ನೀರು ತಡೆಯುವ ಸ್ಟಫಿಂಗ್ ಬಾಕ್ಸನ್ನು, ಅದರ ಹೋಸ್ ರಬ್ಬರಿನದು. ಗ್ಯಾಸ್ ಹೊತ್ತಿಸುವ ಹಾಗಿಲ್ಲ. ಕೊನೆಗೆ ನೀರು ಒಣಗಿಸಿ, ಒದ್ದೆ ಗೋಣಿ ಸುತ್ತಿ, ಹೀಟ್‌ಗನ್ ಹಿಡಿದು, ಒಂದೊಂದು ಸ್ಕ್ರೂಗೂ ಕಾದು ಕೂತೆವು. ಆದರೂ ಒಂದರ ತಲೆ ಮುರಿಯಿತು. ಅದನ್ನು ಡ್ರಿಲ್ ಹಾಕಿ ತೆಗೆಯಬೇಕಾಯಿತು.

ಹಾಕಿದವನ ಮೇಲೆ ಬಂದ ಸಿಟ್ಟು ನನಗೆ ಚೆನ್ನಾಗಿ ನೆನಪಿದೆ. ಅವನು ಯಾವ ಬಂದರಿನವನೋ, ಯಾರೋ. ಡ್ರಿಲ್ ಹಿಡಿದು ಮಂಡಿಯೂರಿ ಕೂತಲ್ಲೇ ಅವನನ್ನು ಮನಸ್ಸಿನಲ್ಲಿ ಬೈಯುತ್ತಿದ್ದೆ. ಬೈಯುತ್ತಾ ಬೈಯುತ್ತಾ ಅವನ ಮುಖ ನನಗೆ ಪರಿಚಯದ್ದೇ ಅನಿಸತೊಡಗಿತು. ಅವನೂ ಇಂಥದೇ ಒಂದು ಬೋಟಿನಡಿ ಕೂತಿದ್ದಿರಬೇಕು. ಅವನ ಬೆನ್ನ ಹಿಂದೆಯೂ ಒಬ್ಬ ಓನರ್ ನಿಂತು "ಲೂಸಾಗಬಾರದು" ಎಂದಿದ್ದಿರಬೇಕು. ಬೋಲ್ಟು ಬಿಚ್ಚಿಕೊಂಡರೆ ಅವನ ಹೆಸರು ಬರುತ್ತದೆ. ಬಿಚ್ಚಲು ಬಾರದೆ ಇನ್ನೊಬ್ಬ ಒದ್ದಾಡಿದರೆ ಯಾರ ಹೆಸರೂ ಬರುವುದಿಲ್ಲ. ಇಷ್ಟೇ ಲೆಕ್ಕ. ಈ ಲೆಕ್ಕ ನನ್ನ ಕೈಗೂ ಬಾಯಿಪಾಠವಾಗಿದೆ ಎಂಬುದನ್ನು ನಾನು ಅವತ್ತು ಕಂಡೆ.

ಹೆದರಿಕೆ ಸುಳ್ಳಲ್ಲ, ಅದನ್ನೂ ಹೇಳಬೇಕು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಜನರೊಂದಿಗೆ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣದಾಚೆಯ ಕಡಲಿನ ತಳದಲ್ಲಿ ನೌಕಾಪಡೆಗೆ ಸಿಕ್ಕಿದ್ದು 2019ರ ಮೇ ತಿಂಗಳಿನಲ್ಲಿ. ಅದಕ್ಕೂ ನಮ್ಮ ನಟ್ಟು ಬೋಲ್ಟಿಗೂ ಸಂಬಂಧ ಕಟ್ಟುವುದು ತಪ್ಪು, ನಾನು ಕಟ್ಟುವುದೂ ಇಲ್ಲ. ಆದರೆ ಆ ತಿಂಗಳುಗಳಲ್ಲಿ ಬಂದರಿನಲ್ಲಿ ಓಡಾಡಿದ ಯಾರಿಗೂ ಕಡಲಿಗೆ ಹೋದ ಬೋಟು ತಿರುಗಿ ಬರುತ್ತದೆ ಎಂಬುದನ್ನು ಮೊದಲಿನಷ್ಟು ಸಲೀಸಾಗಿ ನಂಬಲಾಗಲಿಲ್ಲ. ನಡುಗಡಲಿನಲ್ಲಿ ಪ್ರೊಪೆಲ್ಲರ್ ನಿಂತರೆ ಬೋಟು ಅಲೆಗೆ ಅಡ್ಡ ಬೀಳುತ್ತದೆ. ಇನ್ನೊಂದು ಬೋಟು ಬಂದು ಎಳೆಯುವವರೆಗೆ ಒಳಗಿರುವವರ ಜೀವ ಕೈಯಲ್ಲಿ. ಇದು ತಿಳಿದವನಿಗೆ ಹೆದರಬೇಡ ಎನ್ನಲು ನನಗೆ ಬಾಯಿ ಬಾರದು.

ಆದರೆ ಆ ಹೆದರಿಕೆ ಬೋಟಿನೊಳಗಿರುವವರಿಗಾಗಿಯೋ, ನನ್ನ ಹೆಸರಿಗಾಗಿಯೋ ಎಂದು ಕೇಳಿಕೊಂಡರೆ ಉತ್ತರ ಅಷ್ಟು ನೆಟ್ಟಗೆ ಬರುವುದಿಲ್ಲ. ಬೋಟಿನೊಳಗಿರುವವರಿಗಾಗಿ ಎಂದಾದರೆ, ರತ್ನಗಿರಿಯಲ್ಲೋ ಗೋವಾದಲ್ಲೋ ಅದೇ ಬೋಟನ್ನು ಅವಸರದಲ್ಲಿ ಬಿಚ್ಚಬೇಕಾಗಿ ಬರುವವನೂ ನನ್ನ ಲೆಕ್ಕದೊಳಗೆ ಬರಬೇಕಿತ್ತು. ಅವನು ಬಿಚ್ಚಿದರೆ ತಾನೆ ಬೋಟು ಮನೆಗೆ ಬರುವುದು? ನನಗೆ ಕೆಲಸ ಕಲಿಸಿದ ಮೇಸ್ತ್ರಿಯವರ ಕಾಲದಲ್ಲಿ ಈ ಬಾಟಲಿ ನಮ್ಮ ಕಡೆ ಕಂಡಿರಲಿಲ್ಲ. ನಟ್ಟಿನಾಚೆ ಉಳಿದ ಥ್ರೆಡ್ಡಿನ ಮೇಲೆ ಪಂಚ್ ಇಟ್ಟು ಒಂದೇಟು ಹಾಕಿ ಬಿಡುವ ಪದ್ಧತಿ ಇತ್ತು. ಅವರು ಮಾತ್ರ ಹೊಡೆಯಬಿಡುತ್ತಿರಲಿಲ್ಲ. "ಪಂಚ್ ಹೊಡೆದರೆ ಬಿಚ್ಚುವವನು ಥ್ರೆಡ್ಡು ಹಾಳು ಮಾಡಿಯೇ ಬಿಚ್ಚಬೇಕು. ಅವನು ನಿನಗೆ ಎಂಥ ಮಾಡಿದ್ದಾನೆ?" ಎಂದು ಕೇಳುತ್ತಿದ್ದರು. ಹುಡುಗನಾಗಿದ್ದಾಗ ಆ ಮಾತನ್ನು ಥ್ರೆಡ್ಡು ಉಳಿಸುವ ಉಪಾಯವೆಂದಷ್ಟೇ ತಿಳಿದಿದ್ದೆ. ಬಿಚ್ಚುವವನ ಕೈ ಅವರ ಕಣ್ಣ ಮುಂದೆ ಇರುತ್ತಿತ್ತು ಎಂದು ಈಗ ಅನಿಸುತ್ತದೆ.

ಸತುವಿನ ಆನೋಡಿನ ವಿಷಯದಲ್ಲಿ ನನ್ನ ಸ್ವಭಾವ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಕಂಚು, ಸ್ಟೇನ್‌ಲೆಸ್ ತುಕ್ಕು ಹಿಡಿಯುವ ಬದಲು ತಾನು ಕರಗಲಿ ಎಂದು ಶಾಫ್ಟಿಗೆ ಸತುವಿನ ತುಂಡು ಕಟ್ಟುತ್ತೇವೆ. ಅದು ಸಡಿಲಾಗಿ ಕಳೆದುಹೋದರೆ "ಇನ್ನೂ ಗಟ್ಟಿ ಲಾಕ್‌ಟೈಟ್ ಹಾಕಿ" ಎನ್ನುತ್ತಾರೆ. ಬೋಲ್ಟು ತಿರುಗದೆಯೂ ಆನೋಡು ಸಡಿಲಾಗುತ್ತದೆ, ಏಕೆಂದರೆ ಬೋಲ್ಟಿನ ತಲೆಯಡಿಯ ಸತುವೇ ಕರಗಿ ಹೋಗಿರುತ್ತದೆ. ಹಿಡಿಯಲು ಅಡಿಯಲ್ಲಿ ಏನೂ ಇಲ್ಲದ ಮೇಲೆ ಥ್ರೆಡ್ಡಿನ ಅಂಟು ಏನು ಮಾಡೀತು? ಅದೂ ಅಲ್ಲದೆ ಅಂಟು ಚೆಲ್ಲಿ ಸತುವಿಗೂ ಶಾಫ್ಟಿಗೂ ನಡುವೆ ಹರಡಿದರೆ ಲೋಹಕ್ಕೆ ಲೋಹ ತಾಗುವುದಿಲ್ಲ, ಆನೋಡು ಇದ್ದೂ ಇಲ್ಲದಂತೆ. ಇಲ್ಲಿ ಒಂದು ತೊಟ್ಟು ನೀಲಿ, ಅದೂ ಥ್ರೆಡ್ಡಿಗೆ ಮಾತ್ರ, ಮತ್ತು ನಡುನಡುವೆ ಮುಳುಗಿ ನೋಡುವ ಕಣ್ಣು ಬೇಕು. ಮತ್ತೆ ಮತ್ತೆ ನೋಡುವ ಕೆಲಸ ಯಾರಿಗೂ ಬೇಡ, ನನಗೂ ಬೇಡ. ಒಮ್ಮೆ ಹಾಕಿ ಮರೆಯಬೇಕು ಎಂಬ ಆಸೆ ಕೆಂಪಿನ ಮೇಲಿನ ಮೋಹದ ಇನ್ನೊಂದು ಬೇರು ಎಂದು ಆನೋಡು ಬದಲಿಸುವಾಗೆಲ್ಲ ನನಗೆ ಕಾಣುತ್ತದೆ.

ಇನ್ನೊಂದು ಸಂಗತಿ ಇದೆ, ಅದು ಇದಕ್ಕಿಂತ ಕಷ್ಟದ್ದು. ನನ್ನ ಜೊತೆ ಕೆಲಸ ಕಲಿಯುವ ಹುಡುಗ ಒಬ್ಬನಿದ್ದಾನೆ. ಚುರುಕು, ಕೈ ಶುದ್ಧ. ಅವನು ಬಿಗಿದ ಬೋಲ್ಟಿಗೆ ಇನ್ನೊಂದು ಸಲ ಸ್ಪ್ಯಾನರ್ ಹಾಕಿ ನೋಡಬೇಕೆಂದು ನನ್ನ ಕೈ ತುಡಿಯುತ್ತದೆ. ಬೇರೆ ಕೆಲಸದಲ್ಲಿ ಹಾಗೆ ನೋಡಿದರೆ ನಷ್ಟವಿಲ್ಲ. ಈ ದ್ರವ ಹಾಕಿದಲ್ಲಿ ನಷ್ಟವಿದೆ. ಕಟ್ಟಲು ಶುರುವಾದ ಮೇಲೆ ಬೋಲ್ಟನ್ನು ಒಂದೆಳೆ ತಿರುಗಿಸಿದರೂ ಒಳಗಿನ ಅಂಟು ಒಡೆಯುತ್ತದೆ, ಒಡೆದದ್ದು ಮತ್ತೆ ಕೂಡುವುದಿಲ್ಲ. ಅವನ ಕೈಯ ಮೇಲೆ ನನಗಿರುವ ಅಪನಂಬಿಕೆಯೇ ಆ ಬೋಲ್ಟನ್ನು ಸಡಿಲು ಮಾಡಬಲ್ಲದು. ಹಾಗಾಗಿ ಅವನು ಬಿಗಿಯುವಾಗ ಪಕ್ಕದಲ್ಲಿ ನಿಲ್ಲುತ್ತೇನೆ, ಟಾರ್ಕ್ ರೆಂಚಿನ ಟಕ್ ಶಬ್ದ ಕೇಳುತ್ತೇನೆ, ಕೈ ಕಟ್ಟಿಕೊಳ್ಳುತ್ತೇನೆ. ಆಮೇಲೆ ಅವನು ಬೋಲ್ಟಿನ ತಲೆಯಿಂದ ಕಪ್ಲಿಂಗಿನ ಮೇಲಕ್ಕೆ ಪೇಂಟಿನ ಗೆರೆ ಎಳೆಯುತ್ತಾನೆ. ಬೋಲ್ಟು ತಿರುಗಿದರೆ ಗೆರೆ ತುಂಡಾಗಿ ಕಾಣುತ್ತದೆ. ಮುಟ್ಟಿ ನೋಡುವ ಅಗತ್ಯವಿಲ್ಲ. ಈ ಗೆರೆ ಎಳೆಯುವುದನ್ನು ಶುರು ಮಾಡಿದವನು ಅವನೇ.

ಈ ಮಳೆಗಾಲ ಸೆಟ್‌ಸ್ಕ್ರೂಗಳ ಬಗ್ಗೆ ನಮ್ಮಿಬ್ಬರಿಗೂ ಚರ್ಚೆಯಾಯಿತು. ಉಳಿದೆಲ್ಲ ಕಡೆ ನೀಲಿಗೆ ನಾನು ಒಪ್ಪಿದ್ದೇನೆ. ಸೆಟ್‌ಸ್ಕ್ರೂ ಒಂದರಲ್ಲಿ ಮಾತ್ರ ಕೆಂಪು ಬಿಡಲು ಮನಸ್ಸು ಬರುತ್ತಿರಲಿಲ್ಲ. ಆ ಸ್ಕ್ರೂ ಸಡಿಲಾದರೆ ರಿವರ್ಸ್ ಹಾಕಿದಾಗ ಶಾಫ್ಟು ಕಪ್ಲಿಂಗಿನಿಂದ ಕಳಚಿ ಹಿಂದೆ ಸರಿಯಬಹುದು.

"ಅಣ್ಣ, ನೀಲಿ ಹಾಕಿ ತಲೆಗೆ ತೂತು ಕೊರೆದು ವೈರ್ ಕಟ್ಟುವ. ವೈರ್ ಇದ್ದರೆ ತಿರುಗಿದರೂ ಎಲ್ಲಿಗೆ ಹೋಗ್ತದೆ? ಬಿಚ್ಚುವವರಿಗೆ ಒಂದು ಕಟಿಂಗ್ ಪ್ಲೈಯರ್ ಸಾಕು," ಎಂದ.

ತಲೆ ತೂತಿರುವ ಸ್ಕ್ರೂ ಸಿಗುವುದಿಲ್ಲ ಎಂದೆ. ಮರುದಿನ ತಾನೇ ಕೊರೆದು ತಂದ. ವೈರನ್ನು ಎರಡು ಸ್ಕ್ರೂಗಳ ನಡುವೆ, ಒಂದು ಸಡಿಲಾಗಲು ಹೊರಟರೆ ಇನ್ನೊಂದನ್ನು ಬಿಗಿಯುವ ದಿಕ್ಕಿನಲ್ಲಿ, ಹುರಿ ಮಾಡಿ ಕಟ್ಟಿದ್ದಾನೆ. ಎಂಜಿನ್ ರೂಮಿನ ಬಾಗಿಲ ಒಳಬದಿಯಲ್ಲಿ ಮಾರ್ಕರಿನಲ್ಲಿ ಬರೆದೂ ಇಟ್ಟಿದ್ದೇವೆ: ಕಪ್ಲಿಂಗ್ ಬೋಲ್ಟು ನೀಲಿ 243, ಸೆಟ್‌ಸ್ಕ್ರೂ ನೀಲಿ ಮತ್ತು ವೈರ್, ಕಾಯಿಸುವುದು ಬೇಡ. ಬೋಟು ಆಗಸ್ಟಿನಲ್ಲಿ ಇಳಿಯಿತು. ಮೊದಲ ಟ್ರಿಪ್ಪು ಮುಗಿಸಿ ಬಂದ ದಿನ ಐಸು ತುಂಬುವ ಮೊದಲು ಇಬ್ಬರೂ ಒಳಗಿಳಿದು ಗೆರೆಗಳನ್ನು ನೋಡಿದೆವು. ಒಂದೂ ತುಂಡಾಗಿಲ್ಲ. ನನಗೆ ಪೂರ್ತಿ ಸಮಾಧಾನವಾಗಿಲ್ಲ. ದೀಪಾವಳಿಯ ಹೊತ್ತಿಗೆ ಇನ್ನೊಂದು ಸಲ ನೋಡಬೇಕು, ಸ್ಪ್ಯಾನರ್ ತೆಗೆದುಕೊಂಡು ಹೋಗುವುದಿಲ್ಲ ಎಂದು ಅವನಿಗೆ ಹೇಳಿದ್ದೇನೆ.